ಮಾರಬಹುದು

ಫುಸಾ ಅಜ್ಜಿಯ ನಾಲಿಗೆಗೆ ಎರಡೇ ಕೆಲಸ. ಒಂದು ರುಚಿ ನೋಡುವುದು, ಇನ್ನೊಂದು ಸೊಸೆಯನ್ನು ಚುಚ್ಚುವುದು. ಎರಡರಲ್ಲೂ ಆಕೆಗೆ ಸರಿಸಾಟಿಯಾದವರು ಇಡೀ ಹಕಾತಾದಲ್ಲಿ ಇಲ್ಲ ಎಂದು ನಮ್ಮ ಮಾರುಕಟ್ಟೆ ಬೀದಿಯವರೆಲ್ಲ ಒಪ್ಪುತ್ತಾರೆ, ಆಕೆಯಿಂದ ಬೈಸಿಕೊಂಡವರೂ ಸೇರಿ.

ಆಕೆಯ ಅಂಗಡಿಯೆಂದರೆ ನಾಕಾ ನದಿಗೆ ಬೆನ್ನು ಮಾಡಿ ನಿಂತ ಹಳೆಯ ಮರದ ಮನೆ. ಮುಂದೆ ಅಂಗಡಿ, ನಡುವೆ ಮನೆ, ಹಿಂದೆ ನದಿ ಕಾಣುವ ಪುಟ್ಟ ಅಂಗಳ. ಅಲ್ಲಿ ಮಾಡುವುದೂ ಮಾರುವುದೂ ಒಂದೇ ಪದಾರ್ಥ, ಮೆಂತಾಯ್ಕೊ. ಬಡಗಣ ಕಡಲಿನ ಮೀನಿನ ತತ್ತಿಯನ್ನು ಅದರ ಪೊರೆಯ ಚೀಲದ ಸಮೇತ ಉಪ್ಪಿನಲ್ಲಿಟ್ಟು, ನೀರು ಬಸಿದು, ಆಮೇಲೆ ಕೆಂಪು ಮೆಣಸಿನ ರಸದಲ್ಲಿ ನೆನೆಹಾಕುವುದು. ಬಿಸಿ ಅನ್ನದ ಮೇಲೆ ಒಂದು ತುಂಡು ಇದ್ದರೆ ಉಳಿದ ಮೇಲೋಗರ ಯಾರಿಗೆ ಬೇಕು ಎನ್ನುವವರ ಊರು ನಮ್ಮದು.

ಸಂಜೆ ಅಂಗಡಿಯ ಬಾಗಿಲು ಎಳೆದ ಮೇಲೆ ಆ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಸೊಸೆ ಇಕುಯೊ ಮರುದಿನ ಮಾರಬೇಕಾದ ತೊಟ್ಟಿಯಿಂದ ಒಂದು ತತ್ತಿಯ ಚೀಲ ತೆಗೆದು, ಕೊಯ್ದು, ಚಿಕ್ಕ ಬಟ್ಟಲಿನ ಬಿಸಿ ಅನ್ನದ ಮೇಲಿಟ್ಟು, ಅತ್ತೆಯ ಮುಂದೆ ಮಂಡಿಯೂರಿ ಕೂರುತ್ತಿದ್ದಳು. ಅಜ್ಜಿಗೆ ಅವಸರವಿಲ್ಲ. ಮೊದಲು ಮೂಸುತ್ತಿದ್ದಳು. ಊಟದ ಕಡ್ಡಿಗಳ ತುದಿಯಿಂದ ಒಂದಿಷ್ಟು ಎತ್ತಿ ಬೆಳಕಿಗೆ ಹಿಡಿಯುತ್ತಿದ್ದಳು. ಬಾಯಿಗಿಟ್ಟು ಕಣ್ಣು ಮುಚ್ಚುತ್ತಿದ್ದಳು. ಆ ಮುಚ್ಚಿದ ಕಣ್ಣು ಮತ್ತೆ ತೆರೆಯುವವರೆಗೆ ಇಕುಯೊ ಉಸಿರು ಬಿಗಿಹಿಡಿದು ಅತ್ತೆಯ ಬಾಯನ್ನೇ ನೋಡುತ್ತ ಕೂತಿರುತ್ತಿದ್ದಳು.

"ಹೇಗಿದೆ ಅತ್ತೆ?"

"ಮಾರಬಹುದು."

ಅಷ್ಟೇ. ಮದುವೆಯಾಗಿ ಬಂದಾಗ ಇಕುಯೊಳ ಕೂದಲು ಕಪ್ಪಗಿತ್ತು, ಈಗ ಬಹುಪಾಲು ಬೆಳ್ಳಗಾಗಿದೆ. ಇಷ್ಟು ವರ್ಷಗಳಲ್ಲಿ ಅಜ್ಜಿ "ಮಾರಬಹುದು" ಅಂದಿದ್ದಾಳೆ, "ಮಾರಬೇಡ" ಅಂದಿದ್ದಾಳೆ, "ಇದನ್ನ ಬೆಕ್ಕಿಗೆ ಹಾಕು, ಬೆಕ್ಕು ಬೇಡ ಅಂದ್ರೆ ಮತ್ತೆ ನನ್ನ ಹತ್ರ ಬಾ" ಎಂದೂ ಅಂದಿದ್ದಾಳೆ. "ಚೆನ್ನಾಗಿದೆ" ಅಂದಿಲ್ಲ. ಬಾಯಿಮಾತಿಗೂ ಅಂದಿಲ್ಲ.

ಇಕುಯೊಗೆ ಬೇಕಾಗಿದ್ದದ್ದು ಅದೊಂದೇ ಮಾತು. ನಗಬೇಡಿ. ಟೋಕಿಯೊದಿಂದ ಬಂದ ದೊಡ್ಡ ದೊಡ್ಡ ಅಡುಗೆಯವರು ಅಂಗಡಿಯ ಮುಂದೆ ನಿಂತೇ ತಿಂದು ಹೊಗಳಿ ಹೋಗಿದ್ದಾರೆ. ಆ ಹೊಗಳಿಕೆ ಅವಳಿಗೆ ಇತ್ತ ಕಿವಿಯಲ್ಲಿ ಬಂದು ಅತ್ತ ಕಿವಿಯಲ್ಲಿ ಹೋಯಿತು. ಕೆಲಸ ಕಲಿಸಿದವಳ ಬಾಯಿಂದ ಬರಬೇಕಾದ ಮಾತು ಬೇರೆಯವರ ಬಾಯಿಂದ ಬಂದರೆ ಹೊಟ್ಟೆ ತುಂಬುವುದಿಲ್ಲ, ಏನು ಮಾಡುವುದು?

ಅವಳು ಬಂದದ್ದು ಬಡಗಣ ತುದಿಯ ಒತಾರು ಎಂಬ ಬಂದರಿನಿಂದ. ಅಲ್ಲಿಯೂ ಇದೇ ಮೀನು, ಇದೇ ತತ್ತಿ. ಆದರೆ ಅಲ್ಲಿಯವರು ಉಪ್ಪಿಗೆ ನಿಲ್ಲಿಸುತ್ತಾರೆ, ಖಾರದ ಗೊಡವೆಗೆ ಹೋಗುವುದಿಲ್ಲ. ಹೊಸ ಸೊಸೆ ಮೊದಲ ಸಲ ತೊಟ್ಟಿಯಲ್ಲಿ ಕೈ ಅದ್ದಿದಾಗಲೇ ಎರಡು ಚೀಲ ಹರಿದವು.

"ಏನೇ ಇದು? ಹಸುಗೂಸಿನ ಕೈ ಹಿಡಿದ ಹಾಗೆ ಹಿಡಿ ಅಂದ್ರೆ ನೆಲ ಒರೆಸೋ ಬಟ್ಟೆ ಹಿಂಡಿದ ಹಾಗೆ ಹಿಂಡ್ತೀಯಲ್ಲ!" ಎಂದು ಅತ್ತೆ ಗದರಿದ್ದಳು. "ಇವಳ ಕೈ ಏನು ಕೈಯೋ! ಬರೀ ಉಪ್ಪಿನ ಕೈ."

ಉಪ್ಪು ಹಿಡಿದಿದೆಯೋ ಇಲ್ಲವೋ ಎಂದು ತಿಳಿಯುವುದನ್ನು ಕಲಿಸಿದ್ದು ಮಾತ್ರ ಬೈಗುಳದಿಂದಲ್ಲ. ಅವತ್ತು ಅತ್ತೆ ಹತ್ತಿರ ಬಂದು, ಮೆಣಸಿನ ಬೆರಳುಗಳಿಂದ ಇಕುಯೊಳ ಕಿವಿಯ ಹಾಲೆಯನ್ನು ಮೆಲ್ಲಗೆ ಹಿಚುಕಿದ್ದಳು. "ನೋಡು, ಚೀಲ ಇಷ್ಟು ಮೆತ್ತಗೆ ಆಗಬೇಕು. ಇದಕ್ಕಿಂತ ಗಟ್ಟಿ ಆದ್ರೆ ಉಪ್ಪು ಜಾಸ್ತಿ, ಇದಕ್ಕಿಂತ ಮೆತ್ತಗಿದ್ರೆ ಇನ್ನೂ ಕಾಯಬೇಕು. ಅನುಮಾನ ಬಂದಾಗ ನಿನ್ನ ಕಿವಿ ಹಿಡಕೋ, ನನ್ನ ಕೇಳಬೇಡ." ಸಂಜೆಯವರೆಗೆ ಕಿವಿ ಉರಿದಿತ್ತು. ಇಂದಿಗೂ ತೊಟ್ಟಿಯ ಮುಂದೆ ನಿಂತ ಇಕುಯೊ ಒಂದು ಕೈಯಲ್ಲಿ ತತ್ತಿ, ಇನ್ನೊಂದರಲ್ಲಿ ಕಿವಿ ಹಿಡಿದುಕೊಂಡೇ ಕೆಲಸ ಮಾಡುತ್ತಾಳೆ. ಗೊತ್ತಿಲ್ಲದ ಗಿರಾಕಿಗಳು ಪಾಪ ಕಿವಿನೋವು ಅಂದುಕೊಳ್ಳುತ್ತಾರೆ.

ಅಜ್ಜಿಗೆ ಹೀಗೇ ಕಿವಿ ಹಿಚುಕಿ ಆ ಪಾಠ ಕಲಿಸಿದವಳು ಕಡಲಿನಾಚೆಯ ಪುಸಾನ್ ಪೇಟೆಯ ಒಬ್ಬ ಕೊರಿಯಾದ ಹೆಂಗಸು. ಆಗ ಆ ಊರು ನಮ್ಮವರ ಆಳ್ವಿಕೆಯಲ್ಲಿತ್ತು, ಫುಸಾ ಹುಟ್ಟಿದ್ದು ಅಲ್ಲೇ. ತಲೆಗೆ ಬಿಳಿ ಬಟ್ಟೆ ಸುತ್ತಿಕೊಂಡು ಚಾಪೆ ಹಾಸಿ ಕೂತು ಖಾರದ ತತ್ತಿ ಮಾರುತ್ತಿದ್ದ ಆಕೆಯ ಹೆಸರು ಈ ಹುಡುಗಿಗೆ ಗೊತ್ತಿರಲೇ ಇಲ್ಲ. ಎಲ್ಲರೂ ಕರೆಯುವಂತೆ ಇವಳೂ 'ಅಜುಮಾ' ಎಂದು ಕರೆಯುತ್ತಿದ್ದಳು, ಅಂದರೆ ಚಿಕ್ಕಮ್ಮ ಎಂದಂತೆ. ಶಾಲೆ ಬಿಟ್ಟೊಡನೆ ಓಡಿಹೋಗಿ ಚಾಪೆಯ ಅಂಚಿನಲ್ಲಿ ಕೂತರೆ ಅಜುಮಾ ಒಂದು ಚೀಲ ಒಡೆದು, ಬೆರಳಿಗೆ ಮೆತ್ತಿಕೊಂಡು, ಹುಡುಗಿಯ ಬಾಯಿಗೆ ಇಡುತ್ತಿದ್ದಳು. ಮನೆಯಲ್ಲಿ ಗೊತ್ತಾದರೆ ಬೆನ್ನು ಪುಡಿಯಾಗುತ್ತಿತ್ತು. ಯುದ್ಧ ಸೋತ ವರ್ಷ ಮನೆಮಂದಿಯೆಲ್ಲ ಗಂಟುಮೂಟೆ ಹೊತ್ತು ಹಡಗು ಹತ್ತಿ ಹಕಾತಾಕ್ಕೆ ಬಂದರು. ಮದುವೆಯಾದ ಮೇಲೆ ಫುಸಾ ನೆನಪಿನಿಂದಲೇ ಆ ರುಚಿಯನ್ನು ಹುಡುಕಿ ಅಂಗಡಿ ಇಟ್ಟಳು. ಬೆಳ್ಳುಳ್ಳಿ ನಮ್ಮವರ ಮೂಗಿಗೆ ಹಿಡಿಸಲಿಲ್ಲ, ಬಿಟ್ಟಳು. ಅದರ ಬದಲಿಗೆ ಕಡಲಪಾಚಿಯ ಸಾರ, ಒಣಮೀನಿನ ತುರಿ, ಅಕ್ಕಿಯ ಮದ್ಯ, ಯುಜು ನಿಂಬೆಯ ಸಿಪ್ಪೆ ಸೇರಿದವು. ಊರು ಚಪ್ಪರಿಸಿ ತಿಂದಿತು. ಫುಸಾ ಮಾತ್ರ ತಿಂದಾಗಲೆಲ್ಲ ಎಲ್ಲೋ ನೋಡುತ್ತಿದ್ದಳು.

ಕಳೆದ ಹೇಮಂತದಿಂದ ಅಜ್ಜಿ ನಿಧಾನವಾಗಿ ಆ ಕಡೆಗೆ ಹೊರಟಿದ್ದಳು. ಆ ಕಡೆಗೆ ಅಂದರೆ ಮಸಣದ ಕಡೆಗಲ್ಲ, ಪುಸಾನಿನ ಕಡೆಗೆ. ಮಧ್ಯಾಹ್ನ ಒಂದು ನಿದ್ದೆ ತೆಗೆದು ಎದ್ದರೆ ತಾನು ಯಾವ ದಡದಲ್ಲಿದ್ದೇನೆ ಎಂಬುದು ಆಕೆಗೆ ತಕ್ಷಣ ಹೊಳೆಯುತ್ತಿರಲಿಲ್ಲ. ಬಂದರಿನಿಂದ ಪುಸಾನ್ ಹಡಗಿನ ಕೂಗು ನದಿಯ ಮೇಲೆ ತೇಲಿ ಬಂದರೆ ಎದ್ದು ಕೂತು ಚಪ್ಪಲಿ ಹುಡುಕುತ್ತಿದ್ದಳು.

"ಅಮ್ಮಾ, ಎಲ್ಲಿಗೆ ಹೊರಟೆ?" ಎಂದು ಮಗ ಕೋಸಾಕು ಕೇಳುತ್ತಿದ್ದ. ಅವನು ವ್ಯಾನಿನಲ್ಲಿ ಡಬ್ಬಿಗಳನ್ನು ಹಂಚಿ ಬಂದು, ಕಾಲು ಚಾಚಿ ಟೀವಿಯಲ್ಲಿ ಪಂದ್ಯ ನೋಡುವ ಮನುಷ್ಯ. ಯಾವುದಕ್ಕೂ ತಲೆ ಕೆಡಿಸಿಕೊಂಡವನಲ್ಲ.

"ಶಾಲೆಗೆ. ನೀವು ಯಾರು?"

"ನಾನು ಶಾಲೆಯ ಜವಾನ. ಇವತ್ತು ರಜಾ, ಮಲಕ್ಕೋ."

ಅಜ್ಜಿ ಖುಷಿಯಾಗಿ ಮಲಗುತ್ತಿದ್ದಳು. ಸಂಜೆಯ ಹೊತ್ತಿಗೆ ಮಂಜು ಕರಗಿದ ಹಾಗೆ ಎಲ್ಲ ತಿಳಿಯಾಗಿ, ಬಟ್ಟಲು ಮುಂದೆ ಬಂದಾಗ ಮತ್ತೆ ಅದೇ ಫುಸಾ. ಮೂಸಿ, ನೋಡಿ, ಕಣ್ಣು ಮುಚ್ಚಿ, "ಮಾರಬಹುದು."

ಆದರೆ ಆ ತಿಳಿಯಾದ ಹೊತ್ತು ಕುಗ್ಗುತ್ತ ಬರುತ್ತಿರುವುದು ಇಕುಯೊಗೆ ಕಾಣುತ್ತಿತ್ತು. ಚಳಿಗಾಲದ ಹೊಸ ತತ್ತಿ ಬರುವಷ್ಟರಲ್ಲಿ ಕೆಲವು ಸಂಜೆ ಅಜ್ಜಿ ಬಟ್ಟಲನ್ನು ಗುರುತಿಸುತ್ತಲೇ ಇರಲಿಲ್ಲ. ರುಚಿ ನೋಡುವವಳೇ ಎದ್ದುಹೋದರೆ ತಾನು ಇಷ್ಟು ವರ್ಷ ಕೂತದ್ದು ಯಾರ ಮುಂದೆ? ಆ ಒಂದು ಮಾತು ಆಕೆಯ ಜೊತೆಗೇ ಹೊರಟುಹೋಗುತ್ತದಲ್ಲ!

ಅವಳು ಒಂದು ಉಪಾಯ ಹೂಡಿದಳು. ಪುಸಾನಿನಲ್ಲಿ ಮಾಡುವ ಹಾಗೇ ಬೆಳ್ಳುಳ್ಳಿ ಜಜ್ಜಿ, ಎಳ್ಳೆಣ್ಣೆ ಸವರಿ, ರಸವಿಲ್ಲದೆ ಬರೀ ಮೆಣಸಿನ ಪುಡಿ ತಿಕ್ಕಿ ಕದ್ದುಮುಚ್ಚಿ ಒಂದು ಚಿಕ್ಕ ಜಾಡಿಯಲ್ಲಿ ತತ್ತಿ ಮಾಡಿಟ್ಟಳು. ಮನೆಯೆಲ್ಲ ನಾರಿತು. ಕೋಸಾಕು ಮೂಗು ಹಿಡಿದುಕೊಂಡು ವ್ಯಾನಿನಲ್ಲೇ ಕೂತು ಪಂದ್ಯ ಕೇಳಿದ. ಸಂಜೆ ಅಜ್ಜಿ ಒಂದು ತುತ್ತು ಬಾಯಿಗಿಟ್ಟವಳು ಕಣ್ಣು ಮುಚ್ಚುವ ಮೊದಲೇ ತೆರೆದಳು.

"ಏನೇ ಇದು ಬಡಗಣದವಳೇ, ನನ್ನ ಬೇಗ ಕಳಿಸೋಣ ಅಂತಾನಾ?"

"ಪುಸಾನಿನಲ್ಲಿ ಹೀಗೇ ಅಲ್ವಾ ಅತ್ತೆ ಮಾಡ್ತಿದ್ದದ್ದು?"

"ಅಜುಮಾ ಹಾಕಿದ್ರೆ ಅದು ಬೆಳ್ಳುಳ್ಳಿ. ನೀನು ಹಾಕಿದ್ರೆ ಬರೀ ನಾತ. ನಿನ್ನದನ್ನ ನೀನು ಮಾಡು, ಹೋಗು."

ಆ ರಾತ್ರಿ ಇಕುಯೊ ಪಾತ್ರೆ ತೊಳೆಯುತ್ತ ಅತ್ತಳು. ನೀರಿನ ಸದ್ದಿನಲ್ಲಿ ಕೋಸಾಕುಗೆ ಕೇಳಿಸಲಿಲ್ಲ. ಕೇಳಿಸಿದ್ದರೂ ಮೆಣಸಿನ ಘಾಟು ಅಂದುಕೊಳ್ಳುತ್ತಿದ್ದ.

ಆಮೇಲೆ ಮೆಣಸು ಕುಟ್ಟುವ ದಿನ ಬಂತು. ಅವತ್ತು ನದಿಯ ಮೇಲೆ ಬೆಳಗಿನಿಂದ ತೆಳ್ಳನೆಯ ಮಂಜು ಕೂತುಬಿಟ್ಟಿತ್ತು. ಆಚೆ ದಡದ ಕಟ್ಟಡಗಳು ಕಾಣುತ್ತಿರಲಿಲ್ಲ. ನದಿಗೆ ಆಚೆ ದಡವೇ ಇಲ್ಲದೆ ಅದು ಹಾಗೆಯೇ ಕಡಲಿಗೆ ಬಿಚ್ಚಿಕೊಂಡಂತೆ ಇತ್ತು. ಮಂಜಿನೊಳಗೆ ಸೂರ್ಯ ಅಕ್ಕಿ ತೊಳೆದ ನೀರಿನಂಥ ಬೆಳಕು ಚೆಲ್ಲುತ್ತಿದ್ದ. ಮೆಣಸಿನ ಧೂಳು ಆ ಬೆಳಕಿನಲ್ಲಿ ಕೆಂಪಗೆ ನಿಧಾನವಾಗಿ ಸುತ್ತುತ್ತಿತ್ತು. ಸೇತುವೆಯ ಮೇಲೆ ಕಾಣದ ಜನ ಒಬ್ಬರಾದ ಮೇಲೊಬ್ಬರು ಸೀನುತ್ತ ಹೋಗುವುದು ಮಾತ್ರ ಕೇಳಿಸುತ್ತಿತ್ತು.

ಇಕುಯೊ ಕೂದಲಿಗೆ ಧೂಳು ತಾಗದಿರಲೆಂದು ಬಿಳಿ ಬಟ್ಟೆ ಸುತ್ತಿಕೊಂಡು, ಅಂಗಳದಲ್ಲಿ ಚಾಪೆ ಹಾಕಿ ಕುಕ್ಕರುಗಾಲಲ್ಲಿ ಕೂತಿದ್ದಳು. ಕೈ ಮೊಣಕೈಯವರೆಗೆ ಕೆಂಪು. ಅಜ್ಜಿಯನ್ನು ಹೊದಿಕೆ ಸುತ್ತಿ ಜಗಲಿಯ ಅಂಚಿನಲ್ಲಿ ಕೂರಿಸಿದ್ದರು. ಆಕೆ ತೂಕಡಿಸುತ್ತಿದ್ದಳು, ಎಚ್ಚರಾದಾಗ ಮಂಜನ್ನು ನೋಡುತ್ತಿದ್ದಳು, ಮತ್ತೆ ತೂಕಡಿಸುತ್ತಿದ್ದಳು.

ಹೊಸ ತೊಟ್ಟಿಯ ತತ್ತಿ ಅವತ್ತೇ ಹದಕ್ಕೆ ಬಂದಿತ್ತು. ಸಂಜೆಯವರೆಗೆ ಕಾದರೆ ಅತ್ತೆ ಈ ದಡದಲ್ಲಿ ಇರುತ್ತಾಳೋ ಇಲ್ಲವೋ ಎಂಬ ಭಯ ಇಕುಯೊಗೆ. ಕಟ್ಟಳೆ ಮುರಿದು ಮಧ್ಯಾಹ್ನವೇ ಅನ್ನದ ಬಟ್ಟಲು ತಂದಳು. ಅಜ್ಜಿಯ ಕೈಗೆ ಕಡ್ಡಿಗಳನ್ನು ಕೊಟ್ಟಳು. ಕೈ ನಡುಗುವುದರಿಂದ ಈಚೆಗೆ ತತ್ತಿಯ ತುಂಡನ್ನು ಇಕುಯೊ ತಾನೇ ತನ್ನ ಕಡ್ಡಿಗಳಿಂದ ಎತ್ತಿ ಅತ್ತೆಯ ಅನ್ನದ ಮೇಲೆ ಇಡುತ್ತಿದ್ದಳು. ಅವತ್ತೂ ಎತ್ತಿದಳು.

ಅಜ್ಜಿ ಅರೆನಿದ್ದೆಯಲ್ಲಿ ಕೈ ಚಾಚಿದಳು. ತುಂಡು ಅನ್ನದ ಮೇಲೆ ಬೀಳುವ ಮೊದಲೇ ಗಾಳಿಯಲ್ಲೇ ತನ್ನ ಕಡ್ಡಿಗಳಿಂದ ಅದನ್ನು ಹಿಡಿದುಬಿಟ್ಟಳು.

ಇಕುಯೊಗೆ ಜೀವ ಬಾಯಿಗೆ ಬಂತು. ಒಬ್ಬರ ಕಡ್ಡಿಯಿಂದ ಇನ್ನೊಬ್ಬರ ಕಡ್ಡಿಗೆ ಕೊಡುವುದು ಹೆಣ ಸುಟ್ಟ ಮೇಲೆ ಮೂಳೆ ಆಯುವಾಗ ಮಾತ್ರ. ನಮ್ಮಲ್ಲಿ ಮೂರು ವರ್ಷದ ಮಗುವಿಗೂ ಇದು ಗೊತ್ತು. ಮಾವ ತೀರಿಕೊಂಡಾಗ ಬೂದಿಯ ಮುಂದೆ ನಿಂತು ಹೀಗೆ ಎರಡು ಜೊತೆ ಕಡ್ಡಿಗಳಲ್ಲಿ ಒಂದು ಬಿಳಿ ಮೂಳೆಯನ್ನು ಹಿಡಿದವರು ಇವರಿಬ್ಬರೇ, ಇದೇ ಅತ್ತೆ, ಇದೇ ಸೊಸೆ. ಇಕುಯೊ ಬೆಚ್ಚಿ ಕೈ ಹಿಂದಕ್ಕೆ ಎಳೆದಳು. ತತ್ತಿ ಜಾರಿತು. ಅವಳು ಎಡ ಅಂಗೈ ಒಡ್ಡಿದಳು. ಅಂಗೈಯಲ್ಲಿ ಬಿದ್ದು ಪೊರೆ ಹರಿದು, ತತ್ತಿಯೆಲ್ಲ ಚೆಲ್ಲಿಕೊಂಡಿತು. ಅಪಶಕುನವನ್ನು ಅಲ್ಲಿಗೇ ಅಳಿಸಬೇಕು, ಬೇಗ ಅಳಿಸಬೇಕು ಎಂಬ ಗಾಬರಿಯಲ್ಲಿ, ತಾನೇನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ, ಅವಳು ಅದನ್ನು ಬೆರಳುಗಳಲ್ಲಿ ಬಳಿದು ಅತ್ತೆಯ ಬಾಯಿಗೆ ಇಟ್ಟುಬಿಟ್ಟಳು.

ಅಜ್ಜಿ ಕಣ್ಣು ಮುಚ್ಚಿದಳು.

ತುಂಬ ಹೊತ್ತು ತೆರೆಯಲಿಲ್ಲ. ಮಂಜಿನಲ್ಲಿ ಹಡಗು ಕೂಗಿತು. ಇಕುಯೊ ಬೈಗುಳಕ್ಕೆ ತಲೆ ತಗ್ಗಿಸಿ ಕಾಯುತ್ತಿದ್ದಳು. ಅತ್ತೆಗೆ, ಅದೂ ಈ ಅತ್ತೆಗೆ, ಬರಿಗೈಯಲ್ಲಿ ಉಣಿಸುವುದೇ!

ಕಣ್ಣು ತೆರೆದಾಗ ಅಜ್ಜಿಯ ಮುಖ ಚಿಕ್ಕ ಹುಡುಗಿಯ ಮುಖವಾಗಿತ್ತು. ಇಕುಯೊಳ ತಲೆಯ ಬಿಳಿ ಬಟ್ಟೆಯನ್ನು ನೋಡಿದಳು, ಚಾಪೆಯನ್ನು ನೋಡಿದಳು, ಕೆಂಪು ಕೈಗಳನ್ನು ನೋಡಿದಳು.

"ಅಜುಮಾ," ಎಂದಳು. "ಇಷ್ಟು ದೂರ ಹೇಗೆ ಬಂದೆ? ಹಡಗಿನಲ್ಲಾ?"

ನಾನು ಇಕುಯೊ, ಅತ್ತೆ ಎನ್ನಬೇಕಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು ಕೂಡ. ಆದರೆ ಅಜ್ಜಿ ಅವಳ ಮಣಿಕಟ್ಟನ್ನು ಎರಡೂ ಕೈಗಳಿಂದ ಹಿಡಿದುಕೊಂಡಿದ್ದಳು. ಈ ಮನೆಗೆ ಬಂದಾಗಿನಿಂದ ಹಾಗೆ ಹಿಡಿದುಕೊಂಡಿರಲಿಲ್ಲ.

"ಹೂಂ, ಹಡಗಿನಲ್ಲೇ ಬಂದೆ ಮಗೂ," ಎಂದಳು ಇಕುಯೊ.

"ಅವತ್ತು ನಾನು ನಿನಗೆ ಹೇಳದೇ ಬಂದುಬಿಟ್ಟೆ. ಬೇಜಾರಾಯ್ತಾ?"

"ಇಲ್ಲ ಮಗೂ."

"ಅಮ್ಮ ಬಿಡಲಿಲ್ಲ. ತಿರುಗಿ ನೋಡಬೇಡ ಅಂದ್ಲು." ಅಜ್ಜಿ ತಲೆ ವಾಲಿಸಿ ಒಂದು ಕಿವಿ ಮುಂದೆ ಮಾಡಿದಳು. ಇಕುಯೊಗೆ ಒಂದು ಗಳಿಗೆ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಗಿ, ಕೆಂಪು ಬೆರಳುಗಳಿಂದ ಆ ಸುಕ್ಕುಗಟ್ಟಿದ ಕಿವಿಯ ಹಾಲೆಯನ್ನು ಮೆಲ್ಲಗೆ ಹಿಚುಕಿದಳು. ಅಜ್ಜಿ ಕಿಲಕಿಲ ನಕ್ಕಳು.

ಇಕುಯೊಳ ಎದೆಯಲ್ಲಿ ಆಸೆ ಎದ್ದಿತು. ಹೀಗೆ ಕೇಳುವುದು ಮೋಸ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಕೇಳಿದಳು. ನಾನು ಅವಳ ಜಾಗದಲ್ಲಿದ್ದರೆ ಇನ್ನೂ ಮೊದಲೇ ಕೇಳಿರುತ್ತಿದ್ದೆ.

"ನಿನಗೊಬ್ಬಳು ಸೊಸೆ ಇದ್ದಾಳಂತಲ್ಲ. ಅವಳ ಕೈಗುಣ ಹೇಗೆ?"

ಅಜ್ಜಿ ಹಿಂದೆ ತಿರುಗಿ ಮನೆಯೊಳಗೆ ನೋಡಿದಳು. ಅಂಗಡಿಯ ಕಡೆಗೂ ಕತ್ತು ಚಾಚಿ ನೋಡಿದಳು. ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಇಕುಯೊಳ ಕಿವಿಯ ಹತ್ತಿರಕ್ಕೆ ಬಾಗಿದಳು.

"ಬಡಗಣದವಳು ಕಣೆ. ಬಂದಾಗ ಒಂದು ಚೀಲ ನೆಟ್ಟಗೆ ಎತ್ತೋಕೆ ಬರ್ತಿರಲಿಲ್ಲ. ಈಗ..." ಆಕೆ ಇನ್ನೂ ದನಿ ತಗ್ಗಿಸಿದಳು. "ಈಗ ನಿನ್ನ ಕೈಗುಣ ಅವಳಿಗೆ ಬಂದಿದೆ ಅಜುಮಾ. ನನಗೆ ಬರಲೇ ಇಲ್ಲ. ನಾನು ಎಷ್ಟು ಮಾಡಿದ್ರೂ ನೆನಪು ಮಾಡ್ಕೊಂಡು ಮಾಡಿದ ಹಾಗೇ ಇರುತ್ತೆ. ಅವಳು ನಿನ್ನ ನೋಡೇ ಇಲ್ಲ, ಆದ್ರೂ ಅವಳು ಮಾಡಿದ್ದು ತಿಂದಾಗೆಲ್ಲ ನಾನು ನಿನ್ನ ಚಾಪೆ ಮೇಲೆ ಕೂತಿರ್ತೀನಿ. ಅಷ್ಟು ಚೆನ್ನಾಗಿ ಮಾಡ್ತಾಳೆ."

ಚೆನ್ನಾಗಿ. ಮಾತು ಬಂದೇಬಿಟ್ಟಿತ್ತು. ಇಕುಯೊ ಕಣ್ಣು ಒರೆಸಿಕೊಳ್ಳಲು ಹೋಗಿ ಕೈಯಲ್ಲಿ ಮೆಣಸಿರುವುದು ನೆನಪಾಗಿ ಸುಮ್ಮನಾದಳು. ಕಣ್ಣೀರು ತನ್ನಷ್ಟಕ್ಕೆ ಇಳಿಯಿತು.

"ಮತ್ತೆ ಅವಳಿಗೆ ಯಾಕೆ ಹೇಳಲ್ಲ?" ಎಂದು ಹೇಗೋ ಕೇಳಿದಳು.

"ಹೇಳೋದಾ!" ಅಜ್ಜಿ ಹೌಹಾರಿದಳು. "ಹೇಳಿದ್ರೆ ಮುಗೀತಲ್ಲ! ದಿನಾ ಸಂಜೆ ನನ್ನ ಮುಂದೆ ಬಂದು ಕೂತು ನನ್ನ ಬಾಯೇ ನೋಡ್ತಿರ್ತಾಳೆ, ಪಾಪ. ಮಗ ಟೀವಿ ನೋಡ್ತಾನೆ. ಗಿರಾಕಿಗಳು ತತ್ತಿ ನೋಡ್ತಾರೆ. ನನ್ನ ಮುಖ ನೋಡೋಳು ಅವಳೊಬ್ಬಳೇ. ಒಂದು ಸಲ ಚೆನ್ನಾಗಿದೆ ಅಂದ್ಬಿಟ್ರೆ ಆಮೇಲೆ ಯಾಕೆ ಬಂದು ಕೂರ್ತಾಳೆ ಹೇಳು?"



"ನೀನೂ ಹೇಳಬೇಡ," ಎಂದು ಅಜ್ಜಿ ಅವಳ ಮಣಿಕಟ್ಟನ್ನು ಅಲುಗಿಸಿದಳು. "ಆಣೆ ಮಾಡು."

"ಆಣೆ. ಹೇಳಲ್ಲ."

ಅಜ್ಜಿಗೆ ಸಮಾಧಾನವಾಯಿತು. ಇನ್ನೊಂದು ತುತ್ತಿಗೆ ಬಾಯಿ ತೆರೆದಳು. ಇಕುಯೊ ಅಂಗೈಯಲ್ಲಿ ಉಳಿದದ್ದನ್ನು ಬೆರಳಿನಿಂದ ಬಳಿದು, ಒಂದಿಷ್ಟು ಅನ್ನ ಸೇರಿಸಿ, ಬಾಯಿಗೆ ಇಟ್ಟಳು. ಆಮೇಲೆ ಇನ್ನೊಂದು. ಬಟ್ಟಲು ಬರಿದಾಗುವವರೆಗೆ ಹಾಗೇ ಉಣಿಸಿದಳು. ಮಂಜಿನಲ್ಲಿ ಸೇತುವೆಯ ಮೇಲೆ ಯಾರೋ ಸೀನಿದರು. ಅಜ್ಜಿ ಅವಳ ಹೆಗಲಿಗೆ ಒರಗಿ ನಿದ್ದೆಹೋದಳು.

ಮರುದಿನ ಮಂಜು ಇರಲಿಲ್ಲ. ಆಚೆ ದಡದ ಕಟ್ಟಡಗಳು ತಮ್ಮ ತಮ್ಮ ಜಾಗದಲ್ಲಿದ್ದವು. ಸಂಜೆ ಅಂಗಡಿಯ ಬಾಗಿಲು ಎಳೆದು ಇಕುಯೊ ಬಟ್ಟಲು ತಂದಳು. ಅಜ್ಜಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಎಷ್ಟೋ ದಿನಗಳ ಮೇಲೆ ಕಣ್ಣು ಚುರುಕಾಗಿತ್ತು.

"ಯಾಕೋ ನಿನ್ನೆಯಿಂದ ಕಿವಿ ಉರೀತಿದೆ ಕಣೆ," ಎಂದಳು, ಹಾಲೆಯನ್ನು ಸವರಿಕೊಳ್ಳುತ್ತ.

"ಸೊಳ್ಳೆ ಇರಬೇಕು ಅತ್ತೆ."

"ಈ ಚಳೀಲಿ ಸೊಳ್ಳೆ! ಬಡಗಣದವರಿಗೆ ದೇವರು ಬುದ್ಧಿ ಹಂಚೋ ಹೊತ್ತಿಗೆ ಹಿಮ ಬಿದ್ದಿತ್ತೋ ಏನೋ."

ಒಳಗೆ ಟೀವಿಯ ಮುಂದೆ ಕೋಸಾಕು ಹೋ ಎಂದು ಕೂಗಿದ. ಅವನ ತಂಡ ಗೆದ್ದಿರಬೇಕು. ಇಕುಯೊ ತತ್ತಿಯ ತುಂಡನ್ನು ಅನ್ನದ ಮೇಲೆ ಇಟ್ಟು, ತನ್ನ ಕಡ್ಡಿಗಳನ್ನು ದೂರ ಸರಿಸಿ, ಮಂಡಿಯೂರಿ ಕೂತಳು. ಅಜ್ಜಿ ಮೂಸಿದಳು. ಬೆಳಕಿಗೆ ಹಿಡಿದು ನೋಡಿದಳು. ಬಾಯಿಗಿಟ್ಟು ಕಣ್ಣು ಮುಚ್ಚಿದಳು. ಆ ಮುಚ್ಚಿದ ರೆಪ್ಪೆಗಳ ಹಿಂದೆ ಅತ್ತೆ ಯಾವ ಚಾಪೆಯ ಮೇಲೆ ಕೂತಿದ್ದಾಳೆಂದು ಈಗ ಇಕುಯೊಗೆ ಗೊತ್ತಿತ್ತು. ಆದರೂ ಉಸಿರು ಬಿಗಿಹಿಡಿದು ಆ ಬಾಯನ್ನೇ ನೋಡಿದಳು, ಏನೂ ಗೊತ್ತಿಲ್ಲದವಳ ಹಾಗೆ.

"ಹೇಗಿದೆ ಅತ್ತೆ?"

ಅಜ್ಜಿ ಕಣ್ಣು ತೆರೆದು ಸೊಸೆಯ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು.

"ಮಾರಬಹುದು," ಎಂದಳು. ಆಮೇಲೆ, ಉಳಿದದ್ದನ್ನೂ ಉಂಡು ಬಟ್ಟಲನ್ನು ಕೆಳಗಿಡುತ್ತ, "ನಾಳೆನೂ ತಗೊಂಡು ಬಾ."

"ತರ್ತೀನಿ ಅತ್ತೆ."

ಬಟ್ಟಲು ಬರಿದಾಗಿತ್ತು. ತೊಳೆಯಬೇಕಾದ ಪಾತ್ರೆಗಳು ಒಳಗೆ ರಾಶಿ ಬಿದ್ದಿದ್ದವು. ಇಕುಯೊ ಏಳಲಿಲ್ಲ.